ಗಂಡ ಎಲ್ಲಿ ಎಂದು ಕೇಳುತ್ತಿದ್ದವರು

ಮೇಡಂ ಯಾವುದಕ್ಕೂ ಹೆದರುತ್ತಿರಲಿಲ್ಲ ಎಂದು ಅವರು ತೀರಿಕೊಂಡ ಮೇಲೆ ಬಹಳ ಜನ ಹೇಳಿದರು. ಅದು ನಿಜವಲ್ಲ. ಲಿಫ್ಟಿಗೆ ಹೆದರುತ್ತಿದ್ದರು. ಹಲ್ಲಿ ಕಂಡರೆ ಕುರ್ಚಿಯ ಮೇಲೆ ಕಾಲೆತ್ತಿ ಕೂರುತ್ತಿದ್ದರು. ನಮ್ಮ ಪ್ರಯೋಗಾಲಯ ಮೇಲಿನ ಮಹಡಿಯಲ್ಲಿತ್ತು. ಒಂದು ಕೈಯಲ್ಲಿ ಐಸ್ ಡಬ್ಬ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ಉಸಿರು ಎಳೆದುಕೊಳ್ಳುತ್ತ, ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. ಹೆದರದೆ ಇದ್ದದ್ದು ಮನುಷ್ಯರಿಗೆ ಮಾತ್ರ, ಅದರಲ್ಲೂ ದೊಡ್ಡ ಕುರ್ಚಿಯಲ್ಲಿ ಕೂತವರಿಗೆ.

ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಅವರನ್ನು ‘ಶಾಂತ ಸ್ವಭಾವದವರು, ನಮಗೆಲ್ಲ ತಾಯಿಯಂತಿದ್ದವರು’ ಎಂದರು. ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಮೇಡಂ ಶಾಂತ ಸ್ವಭಾವದವರಾಗಿರಲಿಲ್ಲ. ಜಗಳಗಂಟಿಯಾಗಿದ್ದರು. ಆ ಜಗಳಗಳನ್ನು ಯಾರಾದರೂ ಬರೆದಿಡಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ತಮ್ಮ ಹೆಸರನ್ನು ಬೇಡದ ಕಡೆ ಅಂಟಿಸಿದವರನ್ನು ಅವರು ಹೇಗೆ ಎದುರಿಸಿದರೆಂದು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಮೈಸೂರಿನವಳು. ಮದುವೆಯಾಗಿ ಚೆನ್ನೈಗೆ ಬಂದೆ. ಗಂಡನ ಮನೆ ಪಲ್ಲಾವರಂನಲ್ಲಿ. ಕೈಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಇತ್ತು, ಮನೆಯಲ್ಲಿ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಖಾಲಿಯಿದೆ ಎಂದು ತಿಳಿದು ಸಂದರ್ಶನಕ್ಕೆ ಹೋದೆ. ಮೇಜಿನ ಆಚೆ ಗಂಡಸರ ನಡುವೆ ಒಬ್ಬರೇ ಹೆಂಗಸು, ಗಿಡ್ಡ ಮೈಕಟ್ಟು, ಹಣೆಯ ಮೇಲೆ ಏರಿಸಿಕೊಂಡ ಕನ್ನಡಕ.

“ವೀರ್ಯಾಣು ಅಂಡದ ಹತ್ತಿರ ಹೋಗುದು ಹೇಗೆ?” ಎಂದು ಕೇಳಿದರು, ನಾನು ಕನ್ನಡದವಳೆಂದು ತಿಳಿದ ಮೇಲೆ ನೇರ ಕನ್ನಡದಲ್ಲೇ.

ನಾನು ಪಠ್ಯಪುಸ್ತಕ ಒಪ್ಪಿಸಿದೆ. ಕೋಟಿಗಟ್ಟಲೆ ವೀರ್ಯಾಣುಗಳು ಹೊರಡುತ್ತವೆ, ಈಜುತ್ತವೆ, ಓಟದಲ್ಲಿ ಬಲಶಾಲಿಯಾದದ್ದು ಗೆಲ್ಲುತ್ತದೆ, ಅಂಡವನ್ನು ಭೇದಿಸುತ್ತದೆ.

“ಅಷ್ಟು ಹೊತ್ತು ಹೆಂಗಸಿನ ದೇಹ ಎಂತ ಮಾಡ್ತಾ ಉಂಟು?”

ನಾನು ಸುಮ್ಮನಾದೆ.

“ಅದೇನು ಬಸ್‌ಸ್ಟ್ಯಾಂಡಾ ಮಾರಾಯ್ತಿ? ಬಂದವರು ಬರ್ತಾರೆ, ಹೋದವರು ಹೋಗ್ತಾರೆ, ಅದು ಹಾಗೆಯೇ ಬಿದ್ದುಕೊಂಡಿರ್ತದಾ?”

ಪಕ್ಕದಲ್ಲಿ ಕೂತಿದ್ದ ಹಿರಿಯರು ಮುಖ ಸಿಂಡರಿಸಿದರು. ನನಗೆ ಕೆಲಸ ಸಿಗುವುದಿಲ್ಲವೆಂದುಕೊಂಡು ಇಲೆಕ್ಟ್ರಿಕ್ ಟ್ರೈನ್ ಹತ್ತಿ ಮನೆಗೆ ಹೋದೆ. ಸಿಕ್ಕಿತು. ಯಾಕೆ ಕೊಟ್ಟಿರಿ ಎಂದು ಬಹಳ ಕಾಲದ ಮೇಲೆ ಕೇಳಿದಾಗ, “ಗೊತ್ತಿಲ್ಲದ್ದಕ್ಕೆ ಬಾಯಿ ಮುಚ್ಚಿದಿಯಲ್ಲ. ಉಳಿದವರು ಮುಚ್ಚಲಿಲ್ಲ” ಎಂದರು.

ಅವರ ಕೆಲಸ ಏನೆಂದು ಸರಳವಾಗಿ ಹೇಳಿಬಿಡುತ್ತೇನೆ. ವೀರ್ಯಾಣು ಹೆಣ್ಣಿನ ದೇಹವನ್ನು ಸೇರಿದ ಕೂಡಲೇ ಅಂಡದೊಂದಿಗೆ ಬೆರೆಯಲಾರದು. ಅಲ್ಲಿ ಒಂದಷ್ಟು ಹೊತ್ತು ಕಳೆದ ಮೇಲೆಯೇ ಅದಕ್ಕೆ ಆ ಶಕ್ತಿ ಬರುವುದು. ಅಂಡನಾಳದ ಒಳಗೋಡೆ ಅದನ್ನು ಹಿಡಿದು ನಿಲ್ಲಿಸಿಕೊಳ್ಳುತ್ತದೆ, ಸಮಯ ಬಂದಾಗ ಬಿಟ್ಟುಕೊಡುತ್ತದೆ. ಆ ಗೋಡೆ ಒಸರುವ ದ್ರವದಲ್ಲಿ ಗ್ರೋತ್ ಫ್ಯಾಕ್ಟರ್‌ಗಳು ಎನ್ನುವ ಪ್ರೋಟೀನುಗಳಿರುತ್ತವೆ. ಗಾಯ ಮಾಯುವಾಗ ‘ಬೆಳೆಯಿರಿ’ ಎಂದು ಚರ್ಮದ ಕೋಶಗಳಿಗೆ ಹೇಳುವ ಜಾತಿಯವು. ಆದರೆ ವೀರ್ಯಾಣು ಬೆಳೆಯುವ ಕೋಶವಲ್ಲ, ಒಡೆದು ಎರಡಾಗುವ ಕೋಶವೂ ಅಲ್ಲ. ಹಾಗಿದ್ದೂ ಆ ಪ್ರೋಟೀನುಗಳನ್ನು ಹಿಡಿದುಕೊಳ್ಳುವ ಏರ್ಪಾಡು ಅದರ ಮೈಮೇಲಿದೆ. ಬೆಳೆಯದೆ ಇರುವುದಕ್ಕೆ ಬೆಳೆಯಿರಿ ಎನ್ನುವ ಮಾತು ಯಾಕೆ ಕೇಳಿಸಬೇಕು? ಕೇಳಿಸಿಕೊಂಡು ಅದು ಏನು ಮಾಡುತ್ತದೆ? ಮೇಡಂ ತಮ್ಮ ಆಯುಷ್ಯವನ್ನು ಈ ಪ್ರಶ್ನೆಯ ಹಿಂದೆ ಕಳೆದರು.

ಮೊದಲ ವಾರವೇ ಅವರು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಗಾಜಿನ ಬಟ್ಟಲಿನಲ್ಲಿ ಮೇಕೆಯ ಅಂಡನಾಳದ ಕೋಶಗಳು ಹಾಸಿಕೊಂಡಿದ್ದವು. ಅವುಗಳಿಗೆ ತಲೆ ಅಂಟಿಸಿಕೊಂಡು ಹೋತದ ವೀರ್ಯಾಣುಗಳು ನಿಂತಿದ್ದವು, ಬಾಲ ಮಾತ್ರ ನಿಧಾನ ಆಡುತ್ತಿತ್ತು. ಮೇಡಂ ಗ್ರೋತ್ ಫ್ಯಾಕ್ಟರ್ ಬೆರೆಸಿದ ದ್ರವದ ಒಂದು ಹನಿ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಬಿಡಿಸಿಕೊಂಡು, ಚಾಟಿ ಬೀಸಿದಂತೆ ಬಾಲ ಬೀಸುತ್ತ ಹೊರಟವು.

“ಯಾರು ಹೇಳಿದ್ದು ಹೊರಡು ಅಂತ?” ಎಂದರು.

ಇನ್ನೊಂದು ಬಟ್ಟಲಿಗೆ ಅದೇ ದ್ರವವನ್ನು ಹೆಚ್ಚು ಸುರಿದರು. ಎಲ್ಲವೂ ಒಮ್ಮೆಗೇ ಹುಚ್ಚೆದ್ದಂತೆ ಬಡಿದಾಡಿ, ಊಟ ಮುಗಿಸಿ ಬರುವಷ್ಟರಲ್ಲಿ ಸುಸ್ತಾಗಿ ನಿಂತುಹೋಗಿದ್ದವು.

“ಇದನ್ನು ನೆನಪಿಟ್ಟುಕೋ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಅಂತ ಎಲ್ಲಿಯೂ ಬರೆದಿಲ್ಲ.”

ಮೇಕೆಯ ಆ ಭಾಗಗಳು ಬರುತ್ತಿದ್ದದ್ದು ಕಸಾಯಿಖಾನೆಯಿಂದ. ಅವನ್ನು ಮೇಡಂ ತಾವೇ ಹೋಗಿ ತರುತ್ತಿದ್ದರು. ಇದರಲ್ಲಿ ವಿಶೇಷವೇನು ಎಂದರೆ, ಅವರು ಉಡುಪಿ ಕಡೆಯ ಹೋಟೆಲಿನವರ ಮಗಳು. ಕೋಡಂಬಾಕ್ಕಂನಲ್ಲಿ ಅವರ ತಂದೆಯ ಸಸ್ಯಾಹಾರಿ ಹೋಟೆಲು. ಸ್ಟುಡಿಯೋಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಕನ್ನಡ ಸಿನಿಮಾದವರೂ ಬಣ್ಣ ಬಳಿದ ಮುಖದಲ್ಲೇ ಬಂದು ಇಡ್ಲಿ ತಿಂದು ಹೋಗುತ್ತಿದ್ದರಂತೆ. ಹೋಟೆಲಿನ ಮೇಲೆಯೇ ಮನೆ. ಹಬ್ಬದ ದಿನ ಈರುಳ್ಳಿ ಕೂಡ ಒಲೆ ಹತ್ತದ ಆ ಮನೆಯ ಮಗಳು ಬೆಳಿಗ್ಗೆ ಕಸಾಯಿಖಾನೆಗೆ ಹೋಗುತ್ತಾಳೆ ಎಂದು ತಿಳಿದಾಗ ಅವರ ಅಣ್ಣ ಕೂಗಾಡಿದರು. ತಂದೆ ಮಾತ್ರ ಮರುದಿನ ಹೋಟೆಲಿನ ಐಸನ್ನು ತಾವೇ ಒಡೆದು ಮಗಳ ಡಬ್ಬಕ್ಕೆ ತುಂಬಿದರು. ತಾವು ಬದುಕಿರುವವರೆಗೂ ತುಂಬಿದರು. ಡಬ್ಬ ಹೋಟೆಲಿಗೆ ವಾಪಸು ಬರಕೂಡದು ಎಂದಷ್ಟೇ ಅವರ ಷರತ್ತು. ಆ ಷರತ್ತನ್ನು ಮೇಡಂ ಒಂದು ದಿನವೂ ಮೀರಲಿಲ್ಲ.

“ಅಪ್ಪ ಒಪ್ಪಿದ್ದಲ್ಲ. ಆದರೆ ತಡೆಯಲೂ ಇಲ್ಲ. ಅಷ್ಟು ಸಾಕು. ಎಲ್ಲರೂ ಒಪ್ಪಲಿ ಅಂತ ಕೂತರೆ ಐಸು ಕರಗಿ ಹೋಗ್ತದೆ” ಎನ್ನುತ್ತಿದ್ದರು.

ಸಂಸ್ಥೆಯ ಗಂಡಸರಿಗೆ ಅವರ ವಿಷಯ ಅರ್ಧ ತಮಾಷೆ, ಅರ್ಧ ಮುಜುಗರ. ಒಮ್ಮೆ ವಿಚಾರಗೋಷ್ಠಿಯಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದುನಿಂತು, ವೀರ್ಯಾಣುವಿನ ಶಕ್ತಿಯನ್ನು ವೀರ್ಯಾಣುವಿನಲ್ಲೇ ಹುಡುಕಬಾರದೇ, ಸುತ್ತಲಿನ ನೀರಿನಲ್ಲಿ ಯಾಕೆ ಹುಡುಕುತ್ತೀರಿ ಎಂದು ಕೇಳಿದರು. ಮೇಡಂ ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಅವರನ್ನು ನೋಡಿದರು. “ಸರ್, ನೀವು ಇವತ್ತು ಇಲ್ಲಿ ನಿಂತು ಮಾತಾಡ್ತಿರುವುದು ನಿಮ್ಮ ಶಕ್ತಿಯಿಂದಲೇ. ಆದರೂ ಬೆಳಿಗ್ಗೆ ಮನೆಯಲ್ಲಿ ಯಾರೋ ನಿಮಗೆ ತಿಂಡಿ ಕೊಟ್ಟಿರಬೇಕಲ್ಲ?” ಎಂದರು. ಸಭೆ ನಕ್ಕಿತು. ಆ ನಗುವಿಗೆ ಅವರು ಬೆಲೆ ತೆತ್ತರು. ಆ ವರ್ಷ ಅವರಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. “ಹೋಗ್ಲಿ ಬಿಡು. ಬಡ್ತಿ ಬಂದರೆ ಮೀಟಿಂಗಿಗೆ ಹೋಗಬೇಕಾಗ್ತದೆ, ಲಿಫ್ಟಿನಲ್ಲಿ” ಎಂದು ನಕ್ಕರು.

ಇನ್ನು ನನ್ನ ಮನೆಯ ಕಥೆ ಹೇಳಬೇಕು.

ಮದುವೆಯಾಗಿ ಕೆಲವು ವರ್ಷ ಕಳೆದಿದ್ದರೂ ನಮಗೆ ಮಕ್ಕಳಾಗಿರಲಿಲ್ಲ. ಅತ್ತೆ ಮಂಡ್ಯ ಕಡೆಯವರು, ಆದರೆ ಚೆನ್ನೈಗೆ ಬಂದು ಅರ್ಧ ಬದುಕು ಕಳೆದವರು. ಅವರ ಮಾತಿನಲ್ಲಿ ಯಾವುದು ಕನ್ನಡ, ಯಾವುದು ತಮಿಳು ಎಂದು ಅವರಿಗೇ ಗೊತ್ತಿರಲಿಲ್ಲ. ಕೆಟ್ಟವರಲ್ಲ. ಆದರೆ ನನ್ನನ್ನು ಡಾಕ್ಟರರಿಂದ ಡಾಕ್ಟರರಿಗೆ, ದೇವಸ್ಥಾನದಿಂದ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮಗನನ್ನು ಎಲ್ಲಿಗೂ ಕರೆದುಕೊಂಡು ಹೋಗುತ್ತಿರಲಿಲ್ಲ. ನಾನು ದಿನವಿಡೀ ವೀರ್ಯಾಣುಗಳನ್ನು ನೋಡುತ್ತ ಕೂರುವ ಹೆಂಗಸು, ಸಂಜೆ ಮನೆಗೆ ಬಂದು ಗಂಡನಿಗೆ ‘ನೀವೂ ಒಮ್ಮೆ ಪರೀಕ್ಷೆ ಮಾಡಿಸಿ’ ಎನ್ನಲು ಬಾಯಿ ಬರುತ್ತಿರಲಿಲ್ಲ.

ಆ ಹೊತ್ತಿಗೆ ಪತ್ರಿಕೆಯೊಂದರಲ್ಲಿ ಮೇಡಂ ಕೆಲಸದ ಬಗ್ಗೆ ಸಣ್ಣ ಲೇಖನ ಬಂತು. ಹೆಣ್ಣಿನ ದೇಹವೇ ವೀರ್ಯಾಣುವನ್ನು ಒಪ್ಪುತ್ತದೆ ಅಥವಾ ತಿರಸ್ಕರಿಸುತ್ತದೆ ಎಂಬ ಧಾಟಿಯ ತಲೆಬರಹ. ಮೇಡಮ್ಮೇ ಮಾತಿನ ಭರದಲ್ಲಿ ‘ಒಪ್ಪಿಗೆ’ ಎಂಬ ಪದ ಬಳಸಿದ್ದರು. ನನ್ನ ಗಂಡ ಅದನ್ನು ಓದಿದರು, ಅಮ್ಮನಿಗೂ ಓದಿ ಹೇಳಿದರು.

ನಾನು ಏನೂ ಹೇಳಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಮೇಡಂ ನನ್ನ ಮುಖ ನೋಡಿ, “ಮನೆಯಲ್ಲಿ ಎಂತ?” ಎಂದರು. ನಾನು ಅತ್ತುಬಿಟ್ಟೆ. ಆ ಶುಕ್ರವಾರ ಪಲ್ಲಾವರಂ ಸಂತೆಗೆ ಬರುವ ನೆಪ ಮಾಡಿಕೊಂಡು ನಮ್ಮ ಮನೆಗೆ ಬಂದರು, ಕೈಯಲ್ಲೊಂದು ನಿಂಬೆಯ ಸಸಿ ಹಿಡಿದುಕೊಂಡು.

ನನ್ನ ಗಂಡನೂ ಮನೆಯಲ್ಲಿದ್ದರು. ಅತ್ತೆ ಉಪಚಾರ ಮಾಡಿದರು. ಕಾಫಿ ಕೊಟ್ಟು ಎದುರು ಕೂತರು. “ಹೋಗದಿರೋ ಕೋವಿಲ್ ಇಲ್ಲ, ಮಾಡದಿರೋ ಪೂಜೆ ಇಲ್ಲ ಮಾ. ಇವಳಿಗೆ ಸೊಲ್ಲಿ ಸೊಲ್ಲಿ ಸಾಕಾಯ್ತು, ಕೆಲ್ಸ ಬಿಟ್ಟು ರೆಸ್ಟ್ ತಗೋ ಅಂತ. ನೀವೇ ಪೇಪರ್ನಲ್ಲಿ ಹೇಳಿದೀರಂತಲ್ಲ, ಹೆಂಗ್ಸಿನ ಒಳಗಿನ ನೀರು ಒಪ್ಪಿದ್ರೆ ತಾನೇ ಗಂಡಸಿಂದು ಕೆಲ್ಸ ಮಾಡೋದು ಅಂತ. ಅಪ್ಪಡಿ ಅಂದ್ರೆ ಇವಳ ಮೈಯೇ ಒಪ್ತಿಲ್ಲ ಅಂತ ತಾನೇ?”

ಹೆಣ್ಣಿನ ದೇಹಕ್ಕೂ ಒಂದು ಪಾಲು ಇದೆ ಎಂದು ತೋರಿಸಲು ಜಗಳವಾಡುತ್ತ ಬಂದವರು ಮೇಡಂ. ಆ ಪಾಲನ್ನೇ ಅಪರಾಧವಾಗಿ ಮಾಡಿ ಅವರ ಕೈಗೆ ಕಾಫಿಯ ಜೊತೆ ವಾಪಸು ಕೊಟ್ಟಿದ್ದರು.

ಮೇಡಂ ಲೋಟ ಕೆಳಗಿಟ್ಟರು. “ಹೇಳಿದ್ದು ನಾನೇ ಅಮ್ಮ. ಆ ಪದ ತಪ್ಪು. ಒಪ್ಪುದು ಬಿಡುದು ಅಂತ ಅಲ್ಲ ಅದು. ಎರಡೂ ಕಡೆಯ ಮಾತುಕತೆ. ಇವಳ ಕಡೆಯದ್ದು ಹೇಳ್ತದೆ, ಅವನ ಕಡೆಯದ್ದು ಕೇಳಿಸಿಕೊಳ್ಳಬೇಕು. ಇವಳನ್ನು ಮಾತ್ರ ಡಾಕ್ಟ್ರ ಹತ್ತಿರ ಓಡಿಸ್ತಾ ಇದ್ದರೆ, ಅವನಿಗೆ ಕಿವಿ ಕೇಳ್ತದಾ ಇಲ್ವಾ ಅಂತ ನೋಡುದು ಯಾರು?”

ಅತ್ತೆ ಬೆಚ್ಚಿದರು. ಮೇಡಂ ನನ್ನ ಗಂಡನ ಕಡೆ ತಿರುಗಿದರು. “ನೀನು ಟೆಸ್ಟ್ ಮಾಡಿಸಿದ್ದೀಯಾ?”

ಅವರು ಎದ್ದು ಬಾಲ್ಕನಿಗೆ ಹೋದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಮೇಡಂ ಕಾಫಿ ಲೋಟ ಎತ್ತಿಕೊಂಡು ಹಿಂದೆಯೇ ಹೋಗಿ ಬಾಗಿಲು ಮುಚ್ಚಿದರು. ಕಿಟಕಿಯ ಕಂಬಿಗಳಾಚೆ ಇಬ್ಬರ ಬೆನ್ನೂ ಕಾಣುತ್ತಿತ್ತು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದರಿಂದ ಒಂದು ಮಾತೂ ಕೇಳಿಸಲಿಲ್ಲ. ಮೇಡಂ ಏನು ಹೇಳಿದರೆಂದು ನನ್ನ ಗಂಡ ಇಂದಿಗೂ ಪೂರ್ತಿ ಹೇಳಿಲ್ಲ. ‘ಬೈದರು’ ಎನ್ನುತ್ತಾರೆ. ಸ್ವಲ್ಪ ತಡೆದು, ‘ಆಮೇಲೆ ಬೆನ್ನು ತಟ್ಟಿದರು’ ಎನ್ನುತ್ತಾರೆ.

ಮುಂದಿನ ವಾರ ನನ್ನ ಗಂಡ ತಾವೇ ಕೀಲ್ಪಾಕ್‌ನ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ವರದಿಯಲ್ಲಿ ಏನಿತ್ತು ಎಂಬುದು ನಮ್ಮಿಬ್ಬರದು. ಇಲ್ಲಿ ಬರೆಯುವುದಿಲ್ಲ. ಅತ್ತೆ ಮತ್ತೆ ನನ್ನನ್ನು ಯಾವ ದೇವಸ್ಥಾನಕ್ಕೂ ಎಳೆದುಕೊಂಡು ಹೋಗಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಇದನ್ನು ಓದಿ ಯಾರೂ ಅಯ್ಯೋ ಎನ್ನಬೇಕಾಗಿಲ್ಲ. ನಾವು ಚೆನ್ನಾಗಿದ್ದೇವೆ.

ಮೇಡಂ ಮನೆಗೆ ಬಂದಿದ್ದ ಆ ಶುಕ್ರವಾರ ಸ್ಟೇಷನ್ನಿನವರೆಗೆ ಅವರ ಜೊತೆ ಹೋಗಿದ್ದೆ. ಸಂತೆಯ ಗದ್ದಲದಲ್ಲಿ ಮೇಡಂ ಇದ್ದಕ್ಕಿದ್ದಂತೆ ನಿಂತರು. “ಆ ಒಪ್ಪಿಗೆ ಅನ್ನುವ ಪದ ಇನ್ನು ನನ್ನ ಬಾಯಲ್ಲಿ ಬರಲಿಕ್ಕಿಲ್ಲ. ಚಂದ ಕೇಳ್ತದೆ ಅಂತ ಹೇಳಿಬಿಟ್ಟೆ. ಚಂದದ ಮಾತು ಎಲ್ಲಿ ಹೋಗಿ ಯಾರ ಮನೆಯಲ್ಲಿ ಬೀಳ್ತದೆ ಅಂತ ಗೊತ್ತಾಗುದಿಲ್ಲ” ಎಂದರು. ಆ ಕೋಪ ತಮ್ಮ ಮೇಲೆಯೇ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅದಾಗಿ ಹೆಚ್ಚು ಕಾಲ ಕಳೆದಿರಲಿಲ್ಲ, ಔಷಧ ಕಂಪನಿಯವರು ಬಂದರು. ಟೈ ಕಟ್ಟಿದ ಮರ್ಯಾದಸ್ಥ ಮನುಷ್ಯ, ಮಾತು ಬೆಣ್ಣೆಯಂತೆ. ಮೇಡಂ ಕೆಲಸ ಲೋಕಕ್ಕೆ ಉಪಯೋಗವಾಗಬೇಕು ಎಂದರು. ಪ್ರಯೋಗಾಲಯಕ್ಕೆ ಹೊಸ ಸೂಕ್ಷ್ಮದರ್ಶಕ ಬಂತು. ನಾವೆಲ್ಲ ಅದರ ಸುತ್ತ ಮುತ್ತಿಕೊಂಡೆವು. ನಿರ್ದೇಶಕರು ಮೇಡಂ ಕೋಣೆಗೆ ತಾವಾಗಿಯೇ ಬಂದದ್ದು ನಾನು ಕಂಡಂತೆ ಅದೇ ಮೊದಲು.

ಆಮೇಲೆ ವಿಷಯ ತಿಳಿಯಿತು. ಗ್ರೋತ್ ಫ್ಯಾಕ್ಟರ್ ತುಂಬಿದ ಒಂದು ದ್ರವವನ್ನು ಮಕ್ಕಳಿಲ್ಲದ ಹೆಂಗಸರ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆಯನ್ನು ಅವರು ಆಸ್ಪತ್ರೆಗಳ ಮೂಲಕ ಹೊರತರುವವರಿದ್ದರು. ಅದರ ಆಧಾರ ಮೇಡಂ ಕೆಲಸ. ಮೇಕೆಯ ಕೋಶಗಳ ಮೇಲೆ, ಗಾಜಿನ ಬಟ್ಟಲಿನಲ್ಲಿ ಮಾಡಿದ ಕೆಲಸ.

ಮೇಡಂ ನಿರ್ದೇಶಕರ ಕೋಣೆಗೆ ಹೋದರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಬಾಗಿಲು ಅರ್ಧ ತೆರೆದಿತ್ತು.

“ಹೆಂಗಸರ ಮೇಲೆ ಯಾರೂ ಇದನ್ನು ನೋಡಿಲ್ಲ ಸರ್. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಎಂತದೂ ಗೊತ್ತಿಲ್ಲ. ಹೆಚ್ಚಾದರೆ ವೀರ್ಯಾಣು ಹೊತ್ತಿಗೆ ಮುಂಚೆ ದಣಿದು ಸಾಯ್ತದೆ. ಮಗು ಬೇಕು ಅಂತ ಬಂದವಳಿಗೆ ಆಗುದನ್ನೂ ಆಗದ ಹಾಗೆ ಮಾಡಿ ಕಳಿಸಿದಂತಾಗ್ತದೆ.”

“ಮೇಡಂ, ಅದನ್ನು ಡಾಕ್ಟರುಗಳು ನೋಡಿಕೊಳ್ಳುತ್ತಾರೆ. ಅವರ ಕಾರ್ಯಕ್ರಮದಲ್ಲಿ ನೀವು ಹತ್ತು ನಿಮಿಷ ಮಾತನಾಡಿ ಸಾಕು.”

“ಮಾತಾಡ್ತೇನೆ” ಎಂದರು ಮೇಡಂ. ನಿರ್ದೇಶಕರಿಗೆ ಸಮಾಧಾನವಾಯಿತು. ಹೊರಗೆ ಕೂತಿದ್ದ ನನಗೆ ಆಗಲಿಲ್ಲ.

ಕಾರ್ಯಕ್ರಮ ದೊಡ್ಡದೊಂದು ಹೋಟೆಲಿನ ಸಭಾಂಗಣದಲ್ಲಿ. ಡಾಕ್ಟರುಗಳು ಮುಂದೆ, ಹಿಂದೆ ಕುರ್ಚಿಗಳ ತುಂಬ ದಂಪತಿಗಳು. ಅವರನ್ನು ‘ಜಾಗೃತಿ ಕಾರ್ಯಕ್ರಮ’ ಎಂದು ಕರೆಸಿದ್ದರು. ಹೆಂಗಸರು ಹಬ್ಬದ ಸೀರೆ ಉಟ್ಟುಕೊಂಡು ಬಂದಿದ್ದರು, ಮಡಿಲಲ್ಲಿ ಹಳೆಯ ವರದಿಗಳ ದಪ್ಪ ಕವರುಗಳು. ಟೈ ಕಟ್ಟಿದವರು ಮೇಡಮ್ಮನ್ನು ಪರಿಚಯಿಸಿದರು. ಕೊನೆಗೆ ಧ್ವನಿ ಮೆದುವಾಗಿಸಿ, “ತಮಗೇ ಮಕ್ಕಳಿಲ್ಲದ ಇವರಿಗೆ ನಿಮ್ಮ ನೋವು ಯಾರಿಗಿಂತಲೂ ಚೆನ್ನಾಗಿ ಗೊತ್ತು” ಎಂದರು.

ಮೇಡಂ ಮೈಕಿನ ಮುಂದೆ ಬಂದರು. ಕನ್ನಡಕ ಇಳಿಸಿದರು. ಡಾಕ್ಟರುಗಳು ಇಂಗ್ಲಿಷ್ ಭಾಷಣಕ್ಕೆ ಕಾದಿದ್ದರು. ಅವರು ಹಿಂದಿನ ಸಾಲುಗಳನ್ನು ನೋಡಿ ತಮಿಳಿನಲ್ಲಿ ಶುರುಮಾಡಿದರು.

“ನನಗೆ ಮಗಳಿದ್ದಾಳೆ. ಇಲ್ಲದಿದ್ದರೂ ನಾನು ಇವತ್ತು ಹೇಳುವುದು ಇದನ್ನೇ.”

ನಾವು ಅವರ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಡಂಗೆ ಮಗಳಿರುವುದು ನಮಗೂ ಗೊತ್ತಿರಲಿಲ್ಲ.

ಅವರು ಮುಂದುವರಿಸಿದರು. ತಾವು ಕಂಡದ್ದು ಮೇಕೆಯಲ್ಲಿ, ಗಾಜಿನ ಬಟ್ಟಲಿನಲ್ಲಿ. ಹೆಂಗಸಿನ ದೇಹದಲ್ಲಿ ಇದು ಒಳ್ಳೆಯದು ಮಾಡುತ್ತದೋ ಕೆಟ್ಟದ್ದು ಮಾಡುತ್ತದೋ ತಮಗೆ ಗೊತ್ತಿಲ್ಲ, ಈ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ. “ಗೊತ್ತಾಗುವವರೆಗೆ ನನ್ನ ಹೆಸರು ಹೇಳಿ ಇದನ್ನು ನಿಮ್ಮ ಮೈಯೊಳಗೆ ಹಾಕಲು ಯಾರಿಗೂ ಬಿಡಬೇಡಿ. ಇಲ್ಲಿ ಕೂತಿರುವ ಗಂಡಸರೇ, ಪರೀಕ್ಷೆ ಮಾಡಿಸಿಕೊಳ್ಳದವರು ಮೊದಲು ಅದನ್ನು ಮಾಡಿಸಿಕೊಳ್ಳಿ. ಇದಿಷ್ಟೇ ನನ್ನ ಭಾಷಣ.”

ಗದ್ದಲವೆದ್ದಿತು. ಟೈ ಕಟ್ಟಿದವರು ಮೈಕಿಗೆ ಕೈ ಹಾಕಿದರು. ಮೇಡಂ ಮೈಕನ್ನು ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎದ್ದು ನಿಂತಿದ್ದಳು. ಪಕ್ಕದಲ್ಲಿದ್ದ ಗಂಡ ಸೆರಗು ಜಗ್ಗುತ್ತಿದ್ದ.

“ಅಮ್ಮಾ, ಹಾಗಾದರೆ ಇದು ನನ್ನ ತಪ್ಪಲ್ಲವಾ?” ಎಂದಳು. ತಮಿಳಿನಲ್ಲಿ, ಅಷ್ಟೇನೂ ಗಟ್ಟಿಯಾಗಿ ಅಲ್ಲ. ಆದರೂ ಮುಂದೆ ಕೂತಿದ್ದ ಡಾಕ್ಟರುಗಳೂ ತಿರುಗಿ ನೋಡಿದರು.

“ನಿನ್ನದೂ ತಪ್ಪಲ್ಲ, ಅವರದೂ ತಪ್ಪಲ್ಲ ಕಂದಾ. ಕಾಲು ಮುರಿದರೆ ಯಾರ ತಪ್ಪು ಅಂತ ಕೇಳುತ್ತೇವೆಯೇ? ಚಿಕಿತ್ಸೆ ಏನು ಅಂತ ಕೇಳುತ್ತೇವೆ. ನೀನು ಕೂತುಕೋ. ನಿನ್ನ ಗಂಡ ಎದ್ದು ನಿಂತು ಏನಾದರೂ ಕೇಳಲಿ, ಹೇಳುತ್ತೇನೆ.”

ಆತ ಏಳಲಿಲ್ಲ. ಮೈಕು ಬಂದ್ ಆಯಿತು.

ಹೊರಗೆ ಆಟೋಗೆ ಕಾಯುವಾಗ ನಾನು ಕೇಳಿಯೇಬಿಟ್ಟೆ. “ಮಗಳಿರೋದನ್ನ ನಮಗೆ ಯಾಕೆ ಹೇಳ್ಲೇ ಇಲ್ಲ ಮೇಡಂ? ಎಲ್ರೂ ನಿಮಗೆ ಮಕ್ಕಳಿಲ್ಲ ಅಂತಾನೇ ಮಾತಾಡ್ಕೊಳ್ತಿದ್ರು.”

“ಮಕ್ಕಳಿಲ್ಲದವಳು ಅನ್ನುದು ಬೈಗುಳ ಅಂತ ನನಗೆ ಕಂಡಿದ್ದರೆ ತಿದ್ದುತ್ತಿದ್ದೆ. ಹಾಗೆ ಕಾಣಲೇ ಇಲ್ಲ.” ಆಟೋ ಬಂತು. ಹತ್ತುತ್ತ ಹೇಳಿದರು: ಮಗಳು ಕೊಯಮತ್ತೂರಿನಲ್ಲಿ ಗಣಿತದ ಟೀಚರ್, ತಾವು ಗಂಡನಿಂದ ದೂರವಾಗಿ ಬಹಳ ಕಾಲವಾಯಿತು, ಮಗಳನ್ನು ಹೋಟೆಲಿನ ಮೇಲಿನ ಮನೆಯಲ್ಲಿ ಬೆಳೆಸಿದ್ದು ತಮ್ಮ ತಾಯಿ. ಅಷ್ಟೇ. ಮುಂದಿನ ಮಾತು ನಾಳೆಯ ಪ್ರಯೋಗದ ಬಗ್ಗೆ.

ಮರುದಿನ ಪ್ರಯೋಗ ನಡೆಯಲಿಲ್ಲ. ಹೊಸ ಸೂಕ್ಷ್ಮದರ್ಶಕವನ್ನು ಕಂಪನಿಯವರು ಹೊತ್ತುಕೊಂಡು ಹೋದರು. ಯೋಜನೆ ನಿಂತಿತು. ನಮ್ಮನ್ನೆಲ್ಲ ಬೇರೆ ಬೇರೆ ವಿಭಾಗಗಳಿಗೆ ಹಂಚಿದರು. ಮೇಡಂಗೆ ಹಳೆಯ ಸಾಮಾನು ತುಂಬಿದ್ದ ಕೋಣೆಯ ಪಕ್ಕದಲ್ಲಿ ಒಂದು ಮೇಜು ಕೊಟ್ಟರು. ಕ್ಷಮೆ ಕೇಳಿ ಬರೆದುಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಿರ್ದೇಶಕರು ಯಾರ ಬಾಯಿಂದಲೋ ಹೇಳಿಸಿದರು. ಮೇಡಂ ಆ ಮೇಜಿಗೆ ತಮ್ಮ ಹಳೆಯ ಸೂಕ್ಷ್ಮದರ್ಶಕವನ್ನು ತಾವೇ ಎತ್ತಿಕೊಂಡು ಹೋದರು. “ನೆಲಮಹಡಿ. ಮೆಟ್ಟಿಲು ಹತ್ತುವ ಕೆಲಸ ಇಲ್ಲ” ಎಂದರು.

ಅಲ್ಲಿ ಕೂತು, ಹೆಚ್ಚಾದರೆ ಏನಾಗುತ್ತದೆ ಎಂಬುದನ್ನೇ ಮತ್ತೆ ಮತ್ತೆ ನೋಡಿ ಬರೆದರು. ಯಾವುದೋ ಸಣ್ಣ ನಿಯತಕಾಲಿಕದಲ್ಲಿ ಅದು ಅಚ್ಚಾಯಿತು. ಎಷ್ಟು ಜನ ಓದಿದರೋ ತಿಳಿಯದು. ಕಂಪನಿಯ ದ್ರವ ಬೇರೊಂದು ಹೆಸರಿನಲ್ಲಿ ಬಂತು, ಒಂದಷ್ಟು ಕಾಲ ಓಡಿತು, ಆಮೇಲೆ ಕಾಣದಾಯಿತು. ನಾವು ಗೆದ್ದೆವು ಎಂದು ನಾನು ಹೇಳಲಾರೆ. ಆದರೆ ಅದರ ಮೇಲೆ ಎಲ್ಲಿಯೂ ಮೇಡಂ ಹೆಸರಿರಲಿಲ್ಲ.

ನಿವೃತ್ತಿಯ ದಿನ ಶಾಲು, ಹಾರ ಏನೂ ಬೇಡವೆಂದರು. ಮರುವಾರದಿಂದಲೇ ಹೋಟೆಲಿನ ಮೇಲಿನ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕೂರತೊಡಗಿದರು. ಆ ಸಭಾಂಗಣದಲ್ಲಿ ಎದ್ದುನಿಂತ ಹೆಂಗಸು ಹೇಗೋ ವಿಳಾಸ ಹುಡುಕಿಕೊಂಡು ಬಂದಿದ್ದಳು, ಅವಳಿಂದ ಇನ್ನೊಬ್ಬಳು, ಅವಳಿಂದ ಮತ್ತೊಬ್ಬಳು. ಮೇಡಂ ಚಿಕಿತ್ಸೆ ಕೊಡುತ್ತಿರಲಿಲ್ಲ. ತಾವು ಡಾಕ್ಟರಲ್ಲ ಎಂದು ಮೊದಲೇ ಹೇಳುತ್ತಿದ್ದರು. ಬಂದವರ ವರದಿಗಳನ್ನು ಬಿಡಿಸಿ, ಇದರ ಅರ್ಥ ಇಷ್ಟು, ಡಾಕ್ಟರರ ಹತ್ತಿರ ಇದನ್ನು ಕೇಳಿ, ಇದಕ್ಕೆ ಸುಮ್ಮನೆ ಹೂಂ ಎನ್ನಬೇಡಿ ಎಂದು ವಿವರಿಸುತ್ತಿದ್ದರು. ಹೆಂಗಸು ಒಬ್ಬಳೇ ಬಂದರೆ, ಅಥವಾ ಅತ್ತೆಯ ಜೊತೆ ಬಂದರೆ, ಮೊದಲ ಮಾತು ಒಂದೇ.

“ಗಂಡ ಎಲ್ಲಿ?”

ಕೆಳಗೆ ಆಟೋದಲ್ಲಿದ್ದಾರೆ, ಆಫೀಸಿನಲ್ಲಿದ್ದಾರೆ, ಅವರಿಗೆ ನಾಚಿಕೆ. ಯಾವ ಉತ್ತರವೂ ನಡೆಯುತ್ತಿರಲಿಲ್ಲ. ಕೆಲವರು ಸಿಟ್ಟಾಗಿ ಹೋದರು, ಅವರಲ್ಲಿ ಕೆಲವರು ಗಂಡನನ್ನು ಕರೆದುಕೊಂಡು ಮತ್ತೆ ಬಂದರು. ಹಿಂದೆ ಕೂಗಾಡಿದ್ದ ಅಣ್ಣ ಈಗ ಗಲ್ಲಾದಲ್ಲಿ ಕೂತು, ಮೆಟ್ಟಿಲ ಬುಡದಲ್ಲಿ ಹಿಂಜರಿದು ನಿಂತ ಗಂಡಸರನ್ನು ಕಂಡರೆ, “ಮೇಲೆ ಹೋಗಿ ಸಾರ್, ಕಾಫಿ ಅಲ್ಲಿಗೇ ಕಳಿಸ್ತೇನೆ” ಎನ್ನುತ್ತಿದ್ದರು.

ಕಳೆದ ವರ್ಷ ಅವರ ಮೂತ್ರಪಿಂಡಗಳು ಕೈಕೊಟ್ಟವು. ಕೀಲ್ಪಾಕ್‌ನ ಒಂದು ಆಸ್ಪತ್ರೆಗೆ ಸೇರಿಸಿದರು. ಮಗಳು ಕೊಯಮತ್ತೂರಿನಿಂದ ಬಂದು ಜೊತೆಗಿದ್ದಳು. ತಾಯಿಯದೇ ಗಿಡ್ಡ ಮೈಕಟ್ಟು, ತಾಯಿಯಂತಲ್ಲದೆ ಮಿತಭಾಷಿ. ಅಷ್ಟರಲ್ಲಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ನಾನು ಕೆಲಸ ಮುಗಿಸಿ ಸಂಜೆ ಹೋಗುತ್ತಿದ್ದೆ. ಮೇಡಂ ಬಹಳ ಇಳಿದುಹೋಗಿದ್ದರು. ಇನ್ನು ಹೆಚ್ಚು ದಿನವಿಲ್ಲವೆಂದು ಅವರಿಗೆ ಗೊತ್ತಿತ್ತು, ಅದರ ಬಗ್ಗೆ ಮಾತನಾಡಲು ಅವರಿಗೆ ಪುರುಸೊತ್ತಿರಲಿಲ್ಲ.

ವಾರ್ಡಿನಲ್ಲಿ ಒಬ್ಬಳು ನರ್ಸ್. ಮದುವೆಯಾಗಿ ಮೂರನೆಯ ವರ್ಷವೆಂದು ಹೇಗೋ ಮಾತಿನಲ್ಲಿ ಬಂದಿತ್ತು. ಮನೆಯಲ್ಲಿ ತನ್ನನ್ನು ಏನೆನ್ನುತ್ತಾರೆ ಎಂದು ಡ್ರಿಪ್ ಸರಿಮಾಡುತ್ತ ತಗ್ಗಿದ ಧ್ವನಿಯಲ್ಲಿ ಹೇಳಿದ್ದಳಂತೆ. ಮೇಡಂ ಎಂದಿನ ಪ್ರಶ್ನೆ ಕೇಳಿದ್ದರು. ನಾನು ಹೋದ ಸಂಜೆ ಆ ಗಂಡ ಬಂದಿದ್ದ. ಎತ್ತರದ ಹುಡುಗ, ಕೈಯಲ್ಲಿ ಹೆಲ್ಮೆಟ್ಟು, ಮುಖದ ತುಂಬ ಬೆವರು. ಮಂಚದ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತು ಹೆಂಡತಿಯ ಕಡೆಗೇ ನೋಡುತ್ತಿದ್ದ.

“ಅವಳನ್ನು ನೋಡಬೇಡಪ್ಪ, ನನ್ನನ್ನು ನೋಡು” ಎಂದು ಮೇಡಂ ತಮಿಳಿನಲ್ಲಿ ಹೇಳುತ್ತಿದ್ದರು. ಪ್ರತಿ ಮಾತಿಗೂ ಉಸಿರು ಸಾಲುತ್ತಿರಲಿಲ್ಲ. “ಹೆಂಗಸಿನ ದೇಹ ಒಂದು ಮಾತು ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವ ಕೆಲಸ ನಿನ್ನ ಕಡೆಯದ್ದು...”

ಹುಡುಗ ಹೆಲ್ಮೆಟ್ಟನ್ನು ನೆಲದ ಮೇಲಿಟ್ಟು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡ.

ಆಗ ಡ್ಯೂಟಿಯ ಯುವ ಡಾಕ್ಟರು ಒಳಗೆ ಬಂದರು. ನರ್ಸ್ ಗಾಬರಿಯಾಗಿ ಎದ್ದಳು. “ಏನಿದು? ಭೇಟಿಯ ಸಮಯ ಮುಗಿದಿದೆ. ಪೇಷಂಟ್ ಮಾತನಾಡಬಾರದು, ವಿಶ್ರಾಂತಿ ಬೇಕು” ಎಂದರು ಡಾಕ್ಟರು.

ಮೇಡಂ ದಿಂಬಿನಿಂದ ತಲೆ ಎತ್ತಲಾರದೆ, ಕಣ್ಣು ಮಾತ್ರ ಅವರ ಕಡೆ ತಿರುಗಿಸಿದರು.

“ಇದು ಭೇಟಿ ಅಲ್ಲ ಡಾಕ್ಟರೇ, ಕ್ಲಾಸು. ನಿಮಗೆ ಮದುವೆಯಾಗಿದೆಯಾ? ಆಗಿದ್ದರೆ ಕೂತುಕೊಳ್ಳಿ. ಇಲ್ಲದಿದ್ದರೆ ಹೋಗುವಾಗ ಬಾಗಿಲು ಹಾಕಿಕೊಂಡು ಹೋಗಿ.”

ಡಾಕ್ಟರು ಒಂದು ಕ್ಷಣ ಅಲ್ಲೇ ನಿಂತರು. ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಅವರು ಹೊರಗೆ ಹೋಗಿ, ಸದ್ದಾಗದಂತೆ ಬಾಗಿಲು ಹಾಕಿಕೊಂಡರು.